ಎಂಬತ್ತೈದು ಸೆಕೆಂಡಿನ ಸ್ಟಾಪು

ರಾಮ ಮಂದಿರದಿಂದ ಕಪನೂರಿಗೆ
ಮೊದಲು ಹತ್ತೊಂಬತ್ತು ಸ್ಟಾಪು.
ಈಗ ಆರು.
ಬಸ್ಸಿನ ಹಣೆಯ ಮೇಲೆ ಕಿತ್ತಳೆ ದೀಪದಲ್ಲಿ
'ಎಕ್ಸ್‌ಪ್ರೆಸ್' ಓಡುತ್ತದೆ, ಬಸ್ಸಿಗಿಂತ ಜೋರಾಗಿ.

ಉಳಿದ ಹದಿಮೂರು ಇನ್ನೂ ನನ್ನ ಬಾಯಲ್ಲೇ ಇವೆ.
ಹನ್ನೊಂದು ವರ್ಷ ಕೂಗಿದ ಹೆಸರುಗಳು;
ಹಲ್ಲಿನ ಸಂದಿಗೆ ಸಿಕ್ಕ ಜೋಳದ ಸಿಪ್ಪೆಯ ಹಾಗೆ,
ನಾಲಗೆ ತಾನೇ ಹುಡುಕಿಕೊಂಡು ಹೋಗುತ್ತದೆ:
ಎಣ್ಣಿ ಗಾಣ, ಪತ್ರಾಸ್ ಗಲ್ಲಿ, ದೂದ್‌ವಾಲಾ ಬಾವಿ,
ಕಟ್ಟಿಗಿ ಅಡ್ಡೆ...
ಬಾಯಿ ತೆರೆಯುವಷ್ಟರಲ್ಲಿ ದಾಟಿರುತ್ತೇವೆ.

ಕಟ್ಟಿಗಿ ಅಡ್ಡೆಯಲ್ಲಿ ಕಟ್ಟಿಗೆ ಇಲ್ಲ, ಅಡ್ಡೆಯೂ ಇಲ್ಲ.
ಶಹಾಬಾದ್ ಫರಸಿ ಹಾಸಿದ ಕಟ್ಟೆಯೊಂದಿದೆ.
ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಎಂಟಕ್ಕೇ ಕಾದು
ಯಾರನ್ನೂ ಕೂಡಗೊಡುವುದಿಲ್ಲ.
ಹತ್ತು ಹೆಜ್ಜೆ ಮುಂದೆ ಸಿಗ್ನಲ್.

ಆ ಸಿಗ್ನಲ್ಲೇ ಮಲನ್‌ಬೀಯ ಸ್ಟಾಪು.
ಕೆಂಪು ಎಂಬತ್ತೈದು ಸೆಕೆಂಡು.
ಎಂಬತ್ತೈದಕ್ಕೆ ಬುರ್ಖಾದ ಅಂಚು ಎತ್ತಿ ಹಿಡಿಯುತ್ತಾಳೆ,
ಎಪ್ಪತ್ತಕ್ಕೆ ಆಟೋಗಳ ನಡುವೆ,
ಐವತ್ತಕ್ಕೆ ನನ್ನ ಬಾಗಿಲ ಮೇಲೆ ಎರಡು ತಟ್ಟು.
ಧೂಳಪ್ಪ ಕನ್ನಡಿ ನೋಡುವುದಿಲ್ಲ,
ಬಾಗಿಲ ಗುಂಡಿ ಒತ್ತುತ್ತಾನೆ,
ಆ ಕೈ ಬೇರೆ ಯಾವ ಡ್ರೈವರನದೋ ಎಂಬಂತೆ.

"ಎಲ್ಲಿಂದ ಕೊಡ್ಲಿ?"
"ಎಲ್ಲಿಂದರ ಕೊಡು ತಂಗಿ,
ಸೊನ್ನಿಗಿ ಎಲ್ಲಿದಾದ್ರೇನು!"

ಮಶೀನಿನಲ್ಲಿ ಕಟ್ಟಿಗಿ ಅಡ್ಡೆ ಇಲ್ಲ.
ಹಿಂದಿನ ಹೆಸರು ಒತ್ತುತ್ತೇನೆ:
ಸೂಪರ್ ಮಾರ್ಕೆಟ್‌ನಿಂದ ಕಪನೂರು,
ಮಹಿಳೆ ಒಂದು, ಸೊನ್ನೆ ರೂಪಾಯಿ.
ಒಂದು ವರ್ಷ, ದಿನಾಲೂ, ಒಂದು ಸಣ್ಣ ಬಿಳಿ ಸುಳ್ಳು
ಅವಳ ಮುಷ್ಟಿಯಲ್ಲಿ ಬೆವರಿ ಅಕ್ಷರ ಕಳೆದುಕೊಂಡಿತು.

ದಾಲ್ ಮಿಲ್ಲಿನ ಗೇಟು ಎಂಟೂವರೆಗೆ.
ಐದು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಹೋಯಿತು.
ಬೇಳೆಯಲ್ಲಿ ಕಲ್ಲು ಆರಿಸುವ ಕಣ್ಣು ಅವಳದು,
ಒಮ್ಮೆ ಬಸ್ಸನ್ನೆಲ್ಲ ನೋಡಿ ಅಂದಳು:
"ಜರಡಿ ಇದ್ದಂಗ ಅದ ಇದು.
ದಪ್ಪ ಕಾಳು ಮ್ಯಾಲ ಉಳಿತಾವ.
ನಾವು ನುಚ್ಚು."

ಡಿಪೋದಿಂದ ಮೆಮೊ ಬಂತು:
ನಿಗದಿತ ವೇಳೆಗಿಂತ ಎರಡು ನಿಮಿಷ ವಿಳಂಬ, ಕಾರಣ ತಿಳಿಸಿ.
ಧೂಳಪ್ಪ ಅದನ್ನು ನಾಲ್ಕಾಗಿ ಮಡಚಿ
ಕಿಟಕಿ ಗಾಜಿನ ಸಂದಿಗೆ ತುರುಕಿದ.
ಗಾಜಿನ ಗಡಗಡ ನಿಂತಿತು.

ಗುರುವಾರ ಸಿಗ್ನಲ್ ಸತ್ತಿತ್ತು.
ಕೆಂಪಿಲ್ಲ, ಹಸಿರಿಲ್ಲ, ಮೂರು ಕಪ್ಪು ತೂತು.
ಪೊಲೀಸಿನವನು ನೀರಿನ ಬಾಟಲಿ ಹಿಡಿದ ಕೈಯಿಂದಲೇ
"ನಡೀ, ನಡೀ" ಎಂದ.
ನಡೆದೆವು.
ಹಿಂದಿನ ಗಾಜಿನಲ್ಲಿ ಅವಳು,
ಅಂಚು ಎತ್ತಿ ಹಿಡಿದೇ ನಿಂತಿದ್ದಳು,
ಎಣಿಸಲು ಅಂಕಿ ಸಿಗದೆ.
ಸೀಟಿ ನನ್ನ ಹಲ್ಲುಗಳ ನಡುವೆಯೇ ಇತ್ತು.
ಊದಲಿಲ್ಲ.
ಗಂಜ್ ಬರುವ ತನಕ ಕಚ್ಚಿಕೊಂಡೇ ಇದ್ದೆ.

ಶುಕ್ರವಾರ ಇಲ್ಲ. ಶನಿವಾರ ಇಲ್ಲ.

ಸೋಮವಾರ ಸೂಪರ್ ಮಾರ್ಕೆಟ್‌ನಲ್ಲಿ ನೂಕುನುಗ್ಗಲು.
ಕಾರ್ಡು ಚಾಚಿದ ಕೈಗಳಲ್ಲಿ ಒಂದರ
ಉಗುರ ಸಂದಿಯಲ್ಲಿ ತೊಗರಿಯ ಹಳದಿ.
ಕಪನೂರಿಗೆ ಹೋಗಲು ಕಪನೂರಿಗೆ ಬೆನ್ನು ಮಾಡಿ
ಒಂದೂವರೆ ಕಿಲೋಮೀಟರು ನಡೆದು ಬಂದಿದ್ದಳು.
ಚಪ್ಪಲಿಯ ಬಾರಿಗೆ ತಂತಿ ಬಿಗಿದಿತ್ತು.
ಸೀಟು ಸಿಕ್ಕಿತ್ತು, ಮೊದಲ ಸಲ, ಅದೂ ಕಿಟಕಿ ಪಕ್ಕ.

"ಎಲ್ಲಿಂದ?" ಎಂದೆ. ಕೇಳಬಾರದಿತ್ತು.
ಹೊರಗೆ ನೋಡುತ್ತಲೇ ಅಂದಳು,
"ದಿನಾ ಕೊಡೂದೇ ಕೊಡು."

ಕರಕರ ಎಂದು ಅದೇ ಚೀಟಿ ಬಂತು,
ಅದೇ ಹೆಸರು, ಅದೇ ಸೊನ್ನೆ.
ಒಂದಕ್ಷರವೂ ಸುಳ್ಳಿರಲಿಲ್ಲ.

ಕಟ್ಟಿಗಿ ಅಡ್ಡೆಯಲ್ಲಿ ಸಿಗ್ನಲ್ ರಿಪೇರಿಯಾಗಿತ್ತು.
ಕೆಂಪು. ಎಂಬತ್ತೈದು.
ಐವತ್ತಕ್ಕೆ ಯಾರೂ ತಟ್ಟದೆಯೇ
ಧೂಳಪ್ಪ ಬಾಗಿಲು ತೆರೆದ.
ಬಿಸಿಗಾಳಿ ಒಂದೇ ಹತ್ತಿತು.