ಮಾತು ಬಿಟ್ಟವರು

ಅಜ್ಜಿಯ ಹೆಸರು ವೈಕೆ.
ಎಸ್ಟೋನಿಯಾದ ನಮ್ಮ ನುಡಿಯಲ್ಲಿ
ಸದ್ದಿಲ್ಲದವಳು ಎಂದು.
ಹೆಸರಿಟ್ಟವರಿಗೆ ಗೊತ್ತಿತ್ತೋ ಏನೋ.

ಒಂದು ಹಾಲಿನ ಹೂಜಿ ಒಡೆದದ್ದಕ್ಕೆ
ಅಮ್ಮನ ಜೊತೆ ಮಾತು ಬಿಟ್ಟಳು, ನಲವತ್ತೊಂದು ದಿನ.
ಅಮ್ಮ ಎಣಿಸಿದ್ದಳು.
ಕೊಟ್ಟಿಗೆಯ ಬಾಗಿಲ ಹಿಂದೆ ಇದ್ದಿಲಲ್ಲಿ ಎಳೆದ ಗೀರುಗಳು
ಎರಡು ಸಲ ಬಣ್ಣ ಬಳಿದ ಮೇಲೂ ಇಣುಕುತ್ತವೆ.
ಅಮ್ಮ ನನಗೆ ಬಿಟ್ಟದ್ದು ಹೆಚ್ಚೆಂದರೆ ಹನ್ನೊಂದು.
ಅದನ್ನೇ ನಾನು ಪ್ರೀತಿ ಅಂದುಕೊಂಡಿದ್ದೆ.

ಮಕ್ಕಳು ಟೂ ಬಿಟ್ಟರೆ ಸಂಜೆಯೊಳಗೆ ರಾಜಿ.
ನಮ್ಮ ಮನೆಯ ದೊಡ್ಡವರ ಟೂಗೆ
ಸಂಜೆಯೇ ಇರಲಿಲ್ಲ;
ಜೂನ್ ತಿಂಗಳಲ್ಲಿ ಈ ದ್ವೀಪದ ಆಕಾಶದ ಹಾಗೆ
ಮುಗಿಯದೆ ಬೆಳ್ಳಗೆ ನಿಂತಿರುತ್ತಿತ್ತು.

ಮಾತು ಬೆಳ್ಳಿ, ಮೌನ ಬಂಗಾರ.
ಇಲ್ಲೂ ಅದೇ ಗಾದೆ.
ನಮ್ಮಲ್ಲಿ ಬೆಳ್ಳಿ ಇರಲಿಲ್ಲ. ಬಂಗಾರವನ್ನಷ್ಟೇ
ತಾಯಿ ಮಗಳಿಗೆ, ಮಗಳು ತನ್ನ ಮಗಳಿಗೆ
ಗುಲಗಂಜಿ ತೂಕವೂ ಸವೆಯದಂತೆ ದಾಟಿಸಿದರು.

ಬೈಯುವುದು ಸುಲಭ. ಆದರೆ
ನಲವತ್ತೊಂಬತ್ತರ ಮಾರ್ಚಿನಲ್ಲಿ ಲಾರಿ ಬಂದಾಗ
ಅಜ್ಜಿಗೆ ಹದಿನಾರು.
ಸಿಪಾಯಿ ಕೇಳಿದ, ಅಣ್ಣ ಎಲ್ಲಿ?
ಅಣ್ಣ ಹುಲ್ಲಿನಡಿ ಇದ್ದ, ಎರಡು ಮಾರು ದೂರದಲ್ಲಿ.
ಅವಳು ಬಾಯಿ ಬಿಡಲಿಲ್ಲ.
ಆ ಒಂದು ಬೆಳಗ್ಗೆ ಮೌನ ಒಂದು ಜೀವ ಉಳಿಸಿತು.
ಆಮೇಲೆ ಲಾರಿ ಹೋಯಿತು, ಸಿಪಾಯಿ ಹೋದ,
ಅವನ ದೇಶವೇ ಹೋಯಿತು.
ಇನ್ನು ತೆರೆಯಬಹುದು ಎಂದು
ಬಾಯಿಗೆ ಮಾತ್ರ ಯಾರೂ ಹೇಳಲಿಲ್ಲ.

ಮೊನ್ನೆ ಗುರುವಾರ ನನ್ನ ಮಗಳು ಮಿರ್ಟೆಲ್
ದೋಣಿಯ ಹಗ್ಗ ಕಟ್ಟದೆ ಬಂದಳು.
ಬೆಳಗಾಗುವಷ್ಟರಲ್ಲಿ ಸಮುದ್ರ ಅದನ್ನು ಬಂಡೆಗೆ ಬಡಿದು
ಹಲಗೆ ಹಲಗೆಯಾಗಿ ಬಿಡಿಸಿತ್ತು.
ನಾನು ಕೈ ಎತ್ತಲಿಲ್ಲ. ಕೂಗಲಿಲ್ಲ.
ಎಂಥ ಒಳ್ಳೆಯ ತಾಯಿ ಅಂದುಕೊಂಡೆ.
ಬಡಿಸಿದೆ, ಜಡೆ ಹೆಣೆದೆ, ಬಟ್ಟೆ ಮಡಿಸಿದೆ.
ಮೂರು ದಿನ, ಒಂದು ಮಾತಿಲ್ಲ.
ತಟ್ಟೆ ಇಡುವ ಸದ್ದು ಕೂಡ ಅಜ್ಜಿಯದೇ.

ನಾಲ್ಕನೆಯ ದಿನ ಊಟಕ್ಕೆ ಕೂತಾಗ
ಅವಳ ಬೆರಳ ತುದಿ ಕಪ್ಪಗಿತ್ತು.
ಇದ್ದಿಲು.
ಕೊಟ್ಟಿಗೆಯ ಬಾಗಿಲ ಹಿಂದೆ ಹೋಗಿ ನೋಡಲು
ನನಗೆ ಧೈರ್ಯ ಬರಲಿಲ್ಲ.

ಮೊದಲು ಹೊರಬಂದದ್ದು 'ಉಪ್ಪು'. ಅಷ್ಟೇ.
ಗಂಟಲು ತುಕ್ಕು ಹಿಡಿದ ಚಿಲಕ.
ಆಮೇಲೆ, 'ನನಗೆ ಸಿಟ್ಟು ಬಂದಿದೆ, ಮಿರ್ಟೆಲ್.
ಆ ದೋಣಿ ನನ್ನ ಅಪ್ಪ ಮಾಡಿದ್ದು.'

ಉಪ್ಪಿನ ಡಬ್ಬಿ ಹಿಡಿದು ನಿಂತೇ ಇದ್ದಳು.
'ಎಷ್ಟು ದಿನ ಇರುತ್ತೆ?'

ನನ್ನ ಅಮ್ಮನನ್ನು ಕೇಳಬಹುದೆಂದು
ನನಗೆಂದೂ ಹೊಳೆಯದ ಪ್ರಶ್ನೆ.
'ಗೊತ್ತಿಲ್ಲ' ಅಂದೆ.
'ಈ ಸಾರು ಆರುವವರೆಗೆ ಅಂತ ಇಟ್ಟುಕೋ.'

ಅವಳು ಕುರ್ಚಿ ಎಳೆದುಕೊಂಡು ಬಂದು
ನನ್ನ ಬಟ್ಟಲ ಮೇಲೆ ಬಗ್ಗಿ
ಕೆನ್ನೆ ಉಬ್ಬಿಸಿ
ಊದತೊಡಗಿದಳು.