ಏಳನೆಯ ಕಲಮು

ನೀರಿಳಿದ ಐದನೆಯ ದಿನ ಕಲ್ಬಾದ ಬೀದಿಗಳಲ್ಲಿ
ಜನಕ್ಕಿಂತ ಹೆಚ್ಚು ಫ್ರಿಜ್ಜುಗಳಿದ್ದವು,
ಬಾಯಿ ತೆರೆದು, ಅಡ್ಡ ಮಲಗಿ.
ಬೆಟ್ಟದ ವಾದಿಗಳು ತಂದ ಕೆಸರು
ಕಾರಿನ ಹೊಗೆಕೊಳವೆಯೊಳಗೆ ಗಟ್ಟಿಯಾಗಿ
ಮಕ್ಕಳು ಕಡ್ಡಿ ಹಾಕಿ ಕೆದಕುತ್ತಿದ್ದರು.

ನನ್ನ ಆಫೀಸು ಟೈರಂಗಡಿಯ ಮಹಡಿ ಮೇಲೆ:
ಜನರೇಟರಿನ ಕರೆಂಟು, ಒಂದು ಪ್ರಿಂಟರು.
ಅಲ್ ನದಾ ರೆಸ್ಟೋರೇಶನ್.
ನದಾ ಎಂದರೆ ಅರಬಿಯಲ್ಲಿ ಇಬ್ಬನಿ.
ಒಣಗಿಸುವ ಕಂಪನಿಗೆ ಈ ಹೆಸರಿಟ್ಟವರು ಯಾರೋ,
ಕೇಳುವುದು ನನ್ನ ಕೆಲಸವಲ್ಲ.

ಆಳುಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ.
ಸ್ವಂತ ಪರವಾನಗಿ, ಸ್ವಂತ ಪಂಪು, ಸ್ವಂತ ಬೆನ್ನು
ಇದ್ದವರ ಜೊತೆ ಕರಾರು ಮಾಡಿಕೊಳ್ಳುತ್ತೇವೆ.
ನಾಲ್ಕು ಪುಟ, ಎರಡು ಪ್ರತಿ.
‘ಎರಡನೆಯ ಪಕ್ಷದವನು ನೌಕರನಲ್ಲ’
ಮೊದಲ ಕಲಮಿನಲ್ಲಿ. ಮೂರರಲ್ಲಿ ಮತ್ತೊಮ್ಮೆ.
ಒಂಬತ್ತರಲ್ಲಿ ದಪ್ಪಕ್ಷರದಲ್ಲಿ,
ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ.

ಹುನಗುಂದದ ಕಡೆಯ ಮಾಬುಸಾಬ ನದಾಫ
ಕುರ್ಚಿ ನೆನೆದೀತೆಂದು ನಿಂತೇ ಇದ್ದ.
“ಕನ್ನಡದಾಗ ಓದ್ರಿ ಅಕ್ಕಾರ. ಸಾವಕಾಶ ಓದ್ರಿ.”

ಓದಿದೆ. ಗಂಗೊಳ್ಳಿಯ ನನ್ನ ನಾಲಗೆಗೆ
ಆ ಮಾತುಗಳೆಲ್ಲ ಹೊಸ ಚಪ್ಪಲಿ.
ಏಣಿಯಿಂದ ಬಿದ್ದರೆ ನಿನ್ನದೇ ಹೊಣೆ: ತಲೆಯಾಡಿಸಿದ.
ಪ್ರವಾಹ ಮತ್ತೆ ಬಂದರೆ ದೈವಕೃತ್ಯ,
ಕಂಪನಿ ಏನೂ ಕೊಡಬೇಕಿಲ್ಲ: ತಲೆಯಾಡಿಸಿದ.
ಏಳು: ಗೋಡೆಯ ತೇವ ಶೇಕಡಾ ಹದಿನೈದಕ್ಕಿಳಿದ ಮೇಲೆ
ಉಳಿದರ್ಧ ಹಣ.

“ಯಾವಾಗ ಅಳೀತೀರಿ?”

‘ಕಂಪನಿಗೆ ಅನುಕೂಲವಾದಾಗ’ ಅಂತಿದೆ.

ಆಫೀಸಿನ ಗೋಡೆಗೆ ಅಂಗೈ ಒತ್ತಿ ನಕ್ಕ.
“ಅನುಕೂಲ ಅಂದ್ರ ಮುಂಜಾನೆ.
ಮುಂಜಾನೆ ಈ ಊರಾಗ ಖಡಕ್ ರೊಟ್ಟಿನೂ ಮೆತ್ತಗ.
ರಾತ್ರಿಯೆಲ್ಲಾ ಸಮುದ್ರ ಗೋಡಿಗೆ ಮಾರಿ ಹಚ್ಚಿ ಮಕ್ಕೊಂಡಿರ್ತದ.
ನಮ್ಮಪ್ಪ ಅರಳಿ ಹಿಂಜಾಂವ.
ಹಸಿ ಅರಳಿ ಮ್ಯಾಲ ಕಮಾನು ಬಾರಿಸಿದ್ರ
ನಾದಾನ ಬರಂಗಿಲ್ರಿ.
ಬಿಸಲು ನೆತ್ತಿಗೆ ಬಂದ ಮ್ಯಾಲನ ಗಾದಿ ಬಿಚ್ಚತಿದ್ದ.
ಬರೀರಿ: ಮಧ್ಯಾಹ್ನ ಎರಡಕ್ಕ. ಬಾಗಲಾ ತೆರದು.
ಅವರೂ ನಾನೂ ಇಬ್ರೂ ನಿಂತು.”

ಬರೆಯುವ ಅಧಿಕಾರ ನನಗಿಲ್ಲ ಅಂದೆ.

ವಾದಿಸಲಿಲ್ಲ. ಪೆನ್ನಿಗೆ ಟೋಪಿ ಹಾಕಿ
ಕಾಗದದ ಮೇಲಿಟ್ಟು
ಈಗ ಕುಳಿತ.
ಕೆಳಗೆ ಅವನ ಪಂಪು ಗುರುಗುಡುತ್ತಿತ್ತು.
ಫೋನಿನಲ್ಲಿ ಮೂರನೆಯ ಸಲ ಒಬ್ಬ ಮುದುಕಿ:
ಮಜ್ಲಿಸಿನ ರತ್ನಗಂಬಳಿ ನಾರುತ್ತಿದೆ,
ಯಾರನ್ನಾದರೂ ಕಳಿಸು ಮಗಳೇ.

ಎಂಟು ವರ್ಷದ ಹಿಂದೆ ಇದೇ ಮೇಜಿನಾಚೆ
‘ಆರು ತಿಂಗಳಾಗಲಿ, ಸಂಬಳ ನೋಡೋಣ’ ಅಂದಿದ್ದರು ನನಗೆ.
ಎಷ್ಟು ಗಂಟೆಗೆ ನೋಡುತ್ತೀರಿ
ಎಂದು ಕೇಳಲು ನನಗೆ ಹೊಳೆದಿರಲಿಲ್ಲ.

ಟೈಪು ಮಾಡಿದೆ. ಮಧ್ಯಾಹ್ನ ಎರಡು, ಬಾಗಿಲು ತೆರೆದು, ಉಭಯರೂ ನಿಂತು.
ಕನ್ನಡದಲ್ಲೇ ಸಹಿ ಹಾಕಿದ;
ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದ,
‘ಫ಼’ದ ಕೆಳಗೆ ಮರೆತ ಎರಡು ಚುಕ್ಕಿ ಇಡಲು.

ಹತ್ತೊಂಬತ್ತು ಇತ್ತಂತೆ ಆ ಗೋಡೆ, ಮ್ಯಾನೇಜರು
ಬೆಳಿಗ್ಗೆ ಆರಕ್ಕೇ ಹೋಗಿ ಮೀಟರು ಒತ್ತಿದಾಗ.
ಎರಡು ಗಂಟೆಗೆ ಹದಿನಾಲ್ಕೂವರೆ.
ನಡುವಿನ ಎಂಟು ಗಂಟೆ
ಮಾಬುಸಾಬ ಗೋಡೆಯನ್ನು ಮುಟ್ಟಿರಲಿಲ್ಲ,
ಹೊರಗೆ ಕಟ್ಟೆಯ ಮೇಲೆ ಕೂತು
ಮುದುಕಿಯ ಗಂಬಳಿಯ ಅಂಚು ಬಿಡಿಸುತ್ತಿದ್ದ.

ವಾರ ಕಳೆದು ಮ್ಯಾನೇಜರು ಕಡತ ತಂದು ಬಡಿದರು:
ಎಲ್ಲರ ಏಳನೆಯ ಕಲಮೂ ಯಾಕೆ ಹೀಗಿದೆ?
ಹಳೆಯ ಫೈಲಿನ ಮೇಲೆಯೇ ಉಳಿಸಿಬಿಟ್ಟಿದ್ದೆ.

ಟೈಪಿಂಗ್ ತಪ್ಪು ಸಾರ್, ಅಂದೆ.
ಹನ್ನೊಂದು ಜನ ಸಹಿ ಹಾಕಿಯಾಗಿತ್ತು.