ಒತ್ತಿ, ಹಿಡೀರಿ

ಡುಲೂತಿನ ನಮ್ಮ ಬೀದಿ ನೆಟ್ಟಗೆ ಸರೋವರಕ್ಕೆ ಇಳಿಯುತ್ತದೆ.
ಮೊನ್ನೆ ಕಾರೂ ಹಾಗೇ ಹೊರಟಿತ್ತು.

ಇಪ್ಪತ್ತೆರಡು ವರ್ಷದ ಬ್ಯೂಕ್. ಬ್ರೇಕು ಒತ್ತಿದರೆ
ನೆನೆದ ಅವಲಕ್ಕಿ.

ಗ್ಯಾರೇಜಿನ ಕೊರೆವ ಸಿಮೆಂಟಿನ ಮೇಲೆ ರಟ್ಟು,
ರಟ್ಟಿನ ಮೇಲೆ ಅಂಗಾತ ನಾನು.
ಸ್ಟೀರಿಂಗ್ ಹಿಂದೆ ಅತ್ತೆ,
ಸೀರೆಯ ಮೇಲೆ ಮೂರು ಸ್ವೆಟರು.

‘ಒತ್ತಿ.’
ಒತ್ತಿದರು.
‘ಹಿಡೀರಿ.’
ನಟ್ಟು ಕಾಲು ಸುತ್ತು ಸಡಿಲಿಸಿದೆ:
ಪೈಪಿನಲ್ಲಿ ಕಷಾಯದ ಬಣ್ಣ, ಗುಳುಗುಳು ಗಾಳಿ.
‘ಬಿಡ್ಲೇನೇ?’
‘ಅಯ್ಯೋ, ನಾನು ಬಿಗಿಯೋವರೆಗೂ ಬೇಡ!’

ದಾವಣಗೆರೆಯಲ್ಲಿ ಮೂವತ್ತು ವರ್ಷ
ಹೊಲಿಗೆ ಯಂತ್ರ ತುಳಿದ ಕಾಲು.
ನಾಲ್ಕು ಚಕ್ರಕ್ಕೂ ಲೆಕ್ಕ ತಪ್ಪಲಿಲ್ಲ.

ಬೆಳಗ್ಗೆ, ಉಪ್ಪೆರಚಿದ ಇಳಿಜಾರಿನಲ್ಲಿ,
ಕೆಂಪು ದೀಪಕ್ಕೆ ಕಾರು ಗಕ್ಕನೆ ನಿಂತಿತು.
ಪಕ್ಕದ ಸೀಟಿನಲ್ಲಿ ಅತ್ತೆಯ ಬಲಗಾಲು
ಮ್ಯಾಟನ್ನು ಒತ್ತಿ ಹಿಡಿದಿತ್ತು.

‘ಬಿಡಿ, ಸಾಕು’ ಅಂದೆ.
‘ಹಸಿರಾಗಲಿ, ತಾಳು.’